ಒಂದು ಡಬ್ಬಿ ಕಾರ್ಟ್ರಿಜ್ ಮತ್ತು ಟಿಐ-99/4ಎ: ಈಗಲೂ ಆಡುವಂಥದ್ದು ಯಾವುದು?

ಪ್ರಶ್ನೆ: ಸರ್, ನಾವು ಮೈಸೂರಿನವರು. ಈಗ ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಪಕ್ಕದ ಮನೆಯ ಹಿರಿಯರು ಮನೆ ಖಾಲಿ ಮಾಡುವಾಗ ಒಂದು ಟಿಐ-99/4ಎ ಕಂಪ್ಯೂಟರ್, ಅದಕ್ಕೆ ಸಿಕ್ಕಿಸುವ ಮಾತಾಡೋ ಪೆಟ್ಟಿಗೆ, ಜಾಯ್‌ಸ್ಟಿಕ್ ಜೋಡಿ, ಒಂದು ಡಬ್ಬಿ ತುಂಬ ಆಟದ ಕಾರ್ಟ್ರಿಜ್ ಕೊಟ್ಟರು. ಕಂಪ್ಯೂಟರ್ ಆನ್ ಆಗುತ್ತದೆ. ಆದರೆ ಜಾಯ್‌ಸ್ಟಿಕ್ ಮೇಲಕ್ಕೆ ಮಾತ್ರ ಕೆಲಸ ಮಾಡುವುದಿಲ್ಲ. ಅಟಾರಿಸಾಫ್ಟ್‌ನ ಪ್ಯಾಕ್-ಮ್ಯಾನ್ ಹಾಕಿದರೆ ಮೆನುವಿನಲ್ಲಿ ಬೇಸಿಕ್ ಅನ್ನುವ ಪ್ರೋಗ್ರಾಂ ಭಾಷೆ ಒಂದೇ ಬರುತ್ತದೆ. ಟನೆಲ್ಸ್ ಆಫ್ ಡೂಮ್ ಅನ್ನುವ ಆಟ ಕ್ಯಾಸೆಟ್ ಕೇಳುತ್ತದೆ. ಒಂದೆರಡು ಕಾರ್ಟ್ರಿಜ್ ಹಾಕಿದರೆ ಪರದೆ ತುಂಬ ಕಸ. ಮಗಳು ಪಾರ್ಸೆಕ್ ಐದು ನಿಮಿಷ ಆಡಿ ಎದ್ದು ಹೋದಳು. ಈ ಆಟಗಳಲ್ಲಿ ನಿಜವಾಗಲೂ ಏನಾದರೂ ಇದೆಯಾ, ಅಥವಾ ಬರೀ ಹಳೇದರ ಮೋಹವಾ? ಈಗಿನ ಕಂಪ್ಯೂಟರಿನಲ್ಲಿ ಹಳೇ ಯಂತ್ರದ ಹಾಗೆ ನಟಿಸುವ ಎಮ್ಯುಲೇಟರ್‌ನಲ್ಲಿ ಆಡಿದರೆ ಸಾಲದಾ? ಊರಿಗೆ ವಾಪಸ್ ಬರುವಾಗ ಇದನ್ನು ತರಬಹುದಾ?

ಉತ್ತರ: ಮೊದಲು ಜಾಯ್‌ಸ್ಟಿಕ್. ಕೀಬೋರ್ಡಿನ ಎಡಗಡೆ ಕೆಳಮೂಲೆಯಲ್ಲಿ ಆಲ್ಫಾ ಲಾಕ್ ಅಂತ ಒಂದು ಕೀ ಇದೆ ನೋಡಿ. ಅದು ಕೆಳಗೆ ಕೂತಿರುತ್ತದೆ. ಒಂದು ಸಲ ಒತ್ತಿ ಮೇಲಕ್ಕೆ ಬಿಡಿ, ಜಾಯ್‌ಸ್ಟಿಕ್ ಮೇಲಕ್ಕೆ ಹೋಗುತ್ತದೆ. ನಿಮ್ಮ ಜಾಯ್‌ಸ್ಟಿಕ್ ಕೆಟ್ಟಿಲ್ಲ. ಈ ಕಂಪ್ಯೂಟರಿನಲ್ಲಿ ಆಲ್ಫಾ ಲಾಕ್ ಕೀಗೂ ಜಾಯ್‌ಸ್ಟಿಕ್‌ನ ‘ಮೇಲೆ’ಗೂ ಒಂದೇ ತಂತಿ. ನಡುವೆ ಇರಬೇಕಾದ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಹಾಕಲಿಲ್ಲ. ಹಾಗಾಗಿ ಲಾಕ್ ಬಿದ್ದಿದ್ದರೆ ‘ಮೇಲೆ’ ಅನ್ನುವ ಸಂಕೇತ ಕಂಪ್ಯೂಟರಿಗೆ ತಲುಪುವುದೇ ಇಲ್ಲ. ಬೇಸಿಕ್‌ನಲ್ಲಿ ಆದೇಶ ಟೈಪ್ ಮಾಡಲು ದೊಡ್ಡಕ್ಷರ ಬೇಕು, ಅದಕ್ಕೆ ಲಾಕ್ ಒತ್ತಬೇಕು. ಆಟಕ್ಕೆ ಕೂತರೆ ಎತ್ತಬೇಕು. ಇದು ತಿಳಿಯದೆ ಒಳ್ಳೆಯ ಜಾಯ್‌ಸ್ಟಿಕ್‌ಗಳನ್ನು ಕಸಕ್ಕೆ ಹಾಕಿದವರು ಬಹಳ ಜನ ಇದ್ದಾರೆ.

ಹಾಗಂತ ಆ ಜಾಯ್‌ಸ್ಟಿಕ್ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಬಿಗಿ, ಕೈಗೆ ನೋವು, ಮೂಲೆ ದಿಕ್ಕು ಹಿಡಿಯುವುದೇ ಕಷ್ಟ. ಅಟಾರಿ ಮಾದರಿಯ ಜಾಯ್‌ಸ್ಟಿಕ್‌ಗೂ ಒಂಬತ್ತು ಪಿನ್ನಿನ ಇದೇ ತರದ ಪ್ಲಗ್ ಇರುತ್ತದೆ. ಆದರೆ ಪಿನ್ನುಗಳ ಜೋಡಣೆ ಬೇರೆ, ನೇರವಾಗಿ ಸಿಕ್ಕಿಸಿದರೆ ನಡೆಯುವುದಿಲ್ಲ. ನಡುವೆ ಒಂದು ಸಣ್ಣ ಅಡಾಪ್ಟರ್ ಬೇಕು, ಈಗಲೂ ಮಾಡಿ ಮಾರುವವರಿದ್ದಾರೆ. ಇನ್ನೊಂದು ವಿಷಯ. ಎಡಪಕ್ಕದಲ್ಲಿರುವ ಸಾಕೆಟ್ ಮಾತ್ರ ಜಾಯ್‌ಸ್ಟಿಕ್‌ನದು. ಹಿಂದೆ ಅದೇ ಆಕಾರದ ಇನ್ನೊಂದು ಇದೆ, ಅದು ಕ್ಯಾಸೆಟ್ ರೆಕಾರ್ಡರಿನದು. ಅಡಾಪ್ಟರ್ ಬರುವವರೆಗೆ ಕೀಬೋರ್ಡಿನಲ್ಲೇ ಆಡಿ. ಇ, ಎಸ್, ಡಿ, ಎಕ್ಸ್ ಕೀಗಳೇ ನಾಲ್ಕು ದಿಕ್ಕು. ಬಾಣದ ಗುರುತು ಆ ಕೀಗಳ ಮುಂಭಾಗದಲ್ಲೇ ಇದೆ. ಕೈ ಪಳಗಿದ ಮೇಲೆ ನನಗಂತೂ ಇದೇ ಇಷ್ಟ.

ಪರದೆ ತುಂಬ ಕಸ ಬರುವುದು ಹೆಚ್ಚಾಗಿ ಕೊಳೆಯಿಂದ. ನಲವತ್ತು ವರ್ಷದ ಧೂಳು ಅದು. ಕಂಪ್ಯೂಟರ್ ಆಫ್ ಮಾಡಿ. ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕಾರ್ಟ್ರಿಜ್‌ನ ಲೋಹದ ಹಲ್ಲುಗಳನ್ನು ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೂ ಒರೆಸುತ್ತಾ ಇರಿ. ಆಮೇಲೆ ತೆಳ್ಳಗಿನ ರಟ್ಟಿಗೆ ನೂಲು ಬಿಡದ ಬಟ್ಟೆ ಸುತ್ತಿ, ಅದಕ್ಕೂ ಆಲ್ಕೋಹಾಲ್ ಹಚ್ಚಿ, ಕಂಪ್ಯೂಟರಿನಲ್ಲಿ ಕಾರ್ಟ್ರಿಜ್ ಸಿಕ್ಕಿಸುವ ಸಂದಿಯಲ್ಲಿ ಮೆಲ್ಲಗೆ ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಿ. ಪೂರ್ತಿ ಒಣಗಲು ಬಿಟ್ಟು ಆನ್ ಮಾಡಿ. ರಬ್ಬರಿನಿಂದ ಉಜ್ಜಬೇಡಿ, ಲೇಪನ ಹೋಗುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಸೇರುತ್ತದೆ. ಕಾರ್ಟ್ರಿಜ್ ಸಂದಿಯ ಹತ್ತಿರ ಕೈ ಇಟ್ಟರೆ ಬಿಸಿ ಹತ್ತುತ್ತದೆ. ಅದು ಇದರ ಹುಟ್ಟುಗುಣ, ಹೆದರಬೇಡಿ. ಅಲ್ಲಿ ಕಾಫಿ ಲೋಟ ಇಟ್ಟರೆ ಆರುವುದಿಲ್ಲ ಅಂತ ಇದನ್ನು ಬಳಸಿದವರು ತಮಾಷೆ ಮಾಡುತ್ತಿದ್ದರು. ನೀವು ತಮಾಷೆಗೂ ಇಡಬೇಡಿ.

ಪ್ಯಾಕ್-ಮ್ಯಾನ್ ಕಾಣದಿರುವುದು ಕೊಳೆಯಿಂದ ಇರಲಾರದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬಣ್ಣದ ಪಟ್ಟಿಗಳ ಪರದೆ ಬರುತ್ತದಲ್ಲ, ಅದರ ಕೆಳಗಿನ ಸಾಲು ಓದಿ. ಅಲ್ಲಿ 1981 ಅಂತ ಇದೆಯಾ, ಇಲ್ಲಾ 1983 ಮತ್ತು ವಿ2.2 ಅಂತ ಇದೆಯಾ? ನಿಮ್ಮದು ಎರಡನೆಯದು ಅಂತ ನನ್ನ ಊಹೆ. ಹಾಗಿದ್ದರೆ ಆ ಕಾರ್ಟ್ರಿಜ್ ಎಷ್ಟು ಒರೆಸಿದರೂ ಕಾಣುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ.

ಅದು ಯಾಕೆ ಅಂತ ಹೇಳಬೇಕಾದರೆ ಈ ಕಂಪ್ಯೂಟರಿನ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು. ನಿಮ್ಮ ದೊಡ್ಡ ಪ್ರಶ್ನೆ, ಅಂದರೆ ಈ ಆಟಗಳಲ್ಲಿ ಏನಿದೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ.

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1979ರಲ್ಲಿ ಟಿಐ-99/4 ಅಂತ ಒಂದು ಕಂಪ್ಯೂಟರ್ ತಂದಿತು. ಮಾನಿಟರ್ ಸೇರಿ ಬೆಲೆ 1,150 ಡಾಲರ್. ಕೀಬೋರ್ಡ್ ಕ್ಯಾಲ್ಕುಲೇಟರಿನ ಗುಂಡಿಗಳ ಹಾಗಿತ್ತು. ಜನ ಕೊಳ್ಳಲಿಲ್ಲ. 1981ರಲ್ಲಿ ಸರಿಯಾದ ಕೀಬೋರ್ಡ್ ಹಾಕಿ 525 ಡಾಲರಿಗೆ ತಂದದ್ದೇ ನಿಮ್ಮ ಹತ್ತಿರ ಇರುವ 99/4ಎ. ಅದರೊಳಗಿನ ಟಿಎಂಎಸ್ 9900 ಅನ್ನುವ ಪ್ರೊಸೆಸರ್ 16 ಬಿಟ್‌ನದು, ವೇಗ 3 ಮೆಗಾಹರ್ಟ್ಸ್. ಆಗ ಪೈಪೋಟಿಯಲ್ಲಿದ್ದ ಕೊಮೊಡೋರ್, ಅಟಾರಿ, ಆಪಲ್ ಎಲ್ಲವೂ 8 ಬಿಟ್. ಕಾಗದದ ಮೇಲೆ ನೋಡಿದರೆ ಇದೇ ರಾಜ.

ಕೆಲಸಕ್ಕೆ ಹಚ್ಚಿದರೆ ಕಥೆ ಬೇರೆ. ಪ್ರೊಸೆಸರ್ ನೇರವಾಗಿ ಮುಟ್ಟಬಹುದಾದ ಮೆಮೊರಿ ಬರೀ 256 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಈ ಪ್ಯಾರಾದ ಅರ್ಧವೂ ಅದರಲ್ಲಿ ಹಿಡಿಯುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವ 16 ಕಿಲೋಬೈಟ್ ಎಲ್ಲಾ ಇರುವುದು ವಿಡಿಯೋ ಚಿಪ್ಪಿನ ಆಚೆ. ಅದು ಪಡಿತರ ಅಂಗಡಿ ಇದ್ದ ಹಾಗೆ. ಸಾಮಾನೆಲ್ಲ ಒಳಗೇ ಇದೆ, ಆದರೆ ನೀವು ಒಳಗೆ ಕಾಲಿಡುವಂತಿಲ್ಲ. ಕಿಟಕಿಯಲ್ಲಿ ನಿಂತು ಇಂಥದ್ದು ಬೇಕು ಅಂತ ಹೇಳಬೇಕು, ಒಂದೊಂದೇ ಬೈಟ್ ಈಸಿಕೊಳ್ಳಬೇಕು. ನೀವು ಬೇಸಿಕ್‌ನಲ್ಲಿ ಪ್ರೋಗ್ರಾಂ ಬರೆದರೆ ಅದೂ ಕಿಟಕಿಯ ಆಚೆಯೇ ಕೂರುತ್ತದೆ.

ಸಾಲದ್ದಕ್ಕೆ ಗ್ರಾಮ್ (GROM) ಅನ್ನುವ ಇನ್ನೊಂದು ಏರ್ಪಾಡು ಇತ್ತು. ಇದು ಟಿಐ ತಾನೇ ಮಾಡಿಕೊಂಡ ಚಿಪ್, ಒಂದೊಂದರಲ್ಲಿ 6 ಕಿಲೋಬೈಟ್. ಸಾಮಾನ್ಯ ರಾಮ್ (ROM, ಅಂದರೆ ಓದಲು ಮಾತ್ರ ಬರುವ ಮೆಮೊರಿ) ಚಿಪ್ಪಿನಲ್ಲಿ ಪ್ರೊಸೆಸರ್ ಬೇಕಾದ ವಿಳಾಸಕ್ಕೆ ನೇರವಾಗಿ ಹೋಗಿ ಓದುತ್ತದೆ. ಗ್ರಾಮ್‌ನಲ್ಲಿ ಮೊದಲು ವಿಳಾಸ ಬರೆದುಕೊಡಬೇಕು, ಆಮೇಲೆ ಒಂದಾದ ಮೇಲೆ ಒಂದು ಬೈಟ್ ಅದಾಗಿಯೇ ಬರುತ್ತಾ ಹೋಗುತ್ತದೆ. ಅದರೊಳಗಿನ ಪ್ರೋಗ್ರಾಂ ಕೂಡ ಯಂತ್ರದ ಭಾಷೆಯಲ್ಲಿ ಇರಲಿಲ್ಲ. ಜಿಪಿಎಲ್ ಅನ್ನುವ ನಡುವಿನ ಭಾಷೆಯಲ್ಲಿ ಇತ್ತು, ಕಂಪ್ಯೂಟರ್ ಅದನ್ನು ಓದಿ ಅರ್ಥ ಮಾಡಿಕೊಂಡು ನಡೆಸಬೇಕು. ಬೇಸಿಕ್ಕಿನ ಬಹುಪಾಲು ಬರೆದದ್ದು ಈ ಜಿಪಿಎಲ್‌ನಲ್ಲೇ. ಅಂದರೆ ನಿಮ್ಮ ಪ್ರೋಗ್ರಾಮನ್ನು ಒಬ್ಬ ದುಭಾಷಿ ಓದುತ್ತಾನೆ, ಆ ದುಭಾಷಿಯ ಮಾತನ್ನು ಇನ್ನೊಬ್ಬ ದುಭಾಷಿ ಓದುತ್ತಾನೆ. 16 ಬಿಟ್ ಯಂತ್ರದಲ್ಲಿ ಬೇಸಿಕ್ ತೆವಳುವುದು ಇದಕ್ಕೇ.

ಕಾರ್ಟ್ರಿಜ್ ಆಟಗಳು ಈ ಬಂಧನದಿಂದ ಸ್ವಲ್ಪ ತಪ್ಪಿಸಿಕೊಂಡವು. ಕಾರ್ಟ್ರಿಜ್‌ನಲ್ಲಿ ಐದು ಗ್ರಾಮ್‌ವರೆಗೆ ಹಾಕಬಹುದು, ಜೊತೆಗೆ 8 ಕಿಲೋಬೈಟ್ ಸಾಮಾನ್ಯ ರಾಮ್. ವೇಗ ಬೇಕಾದ ಆಟದ ಮುಖ್ಯ ಭಾಗವನ್ನು ಯಂತ್ರದ ಭಾಷೆಯಲ್ಲಿ ಬರೆದು ರಾಮ್‌ನಲ್ಲಿ ಇಟ್ಟರು. ಉಳಿದದ್ದನ್ನು ಗ್ರಾಮ್‌ಗೆ ತುಂಬಿದರು. ಪಾರ್ಸೆಕ್ ಹೀಗೆ ಮಾಡಿದ್ದು. ಹಂಟ್ ದ ವಂಪಸ್‌ನಂಥ ನಿಧಾನದ ಆಟ ಪೂರ್ತಿ ಗ್ರಾಮ್‌ನಲ್ಲೇ ಇದೆ. ಯಾರೂ ಓಡಿಸಿಕೊಂಡು ಬರುವುದಿಲ್ಲವಲ್ಲ, ಅದಕ್ಕೆ ಅಷ್ಟು ಸಾಕು.

ಈಗ ಪ್ಯಾಕ್-ಮ್ಯಾನ್ ವಿಷಯ. ಗ್ರಾಮ್ ಮಾಡುತ್ತಿದ್ದದ್ದು ಟಿಐ ಮಾತ್ರ. ಬೇರೆ ಕಂಪನಿಗಳು ಅದರ ಗೋಜಿಗೇ ಹೋಗದೆ ಬರೀ ರಾಮ್ ಹಾಕಿ ಕಾರ್ಟ್ರಿಜ್ ಮಾಡಿದವು, ಅಟಾರಿಸಾಫ್ಟ್ ಕೂಡ ಹಾಗೇ. ಆಟ ಮಾರಿ ಬರುವ ದುಡ್ಡೆಲ್ಲ ತನಗೇ ಬರಬೇಕು ಅಂತ ಟಿಐ ಲೆಕ್ಕ. ಅದಕ್ಕೆ 1983ರ ಹೊಸ ಕಂಪ್ಯೂಟರುಗಳಲ್ಲಿ, ಗ್ರಾಮ್ ಇಲ್ಲದ ಕಾರ್ಟ್ರಿಜ್ ಕಂಡರೆ ಮೆನುವಿಗೆ ಸೇರಿಸಲೇಬೇಡ ಅಂತ ಬದಲಾಯಿಸಿಬಿಟ್ಟರು. ಅದೇ ವಿ2.2. ಕಂಪ್ಯೂಟರನ್ನು ಕಡಿಮೆ ಬೆಲೆಗೆ ಮಾರಿ ಆಟದಲ್ಲಿ ಗಳಿಸುವುದು ಯೋಚನೆ. ಆ ಹೊತ್ತಿಗೆ ಕೊಮೊಡೋರ್ ಜೊತೆ ಬೆಲೆ ಕಡಿತದ ಜಗಳದಲ್ಲಿ 525 ಡಾಲರಿನ ಯಂತ್ರ 100 ಡಾಲರಿಗೆ ಬಂದಿತ್ತು. ಅಂಥ ಹೊತ್ತಿನಲ್ಲಿ ಆಟ ಬರೆಯುವವರಿಗೆ ಬಾಗಿಲು ಹಾಕುವುದು ಎಂಥ ಬುದ್ಧಿ ನೋಡಿ. 1983ರ ಅಕ್ಟೋಬರ್ 28ರಂದು ಮನೆ ಕಂಪ್ಯೂಟರಿನ ವ್ಯಾಪಾರವನ್ನೇ ಬಿಡುತ್ತೇವೆ ಅಂತ ಟಿಐ ಹೇಳಿತು. ಉಳಿದ ದಾಸ್ತಾನು ಅಂಗಡಿಗಳಲ್ಲಿ 50 ಡಾಲರಿಗೆ ಹೋಯಿತು. ನಿಮ್ಮ ಸುತ್ತಮುತ್ತಲ ಹಳೇ ಮನೆಗಳ ಗ್ಯಾರೇಜಿನಲ್ಲಿ ಈ ಯಂತ್ರ ಇಷ್ಟೊಂದು ಸಿಗುವುದಕ್ಕೆ ಅದೂ ಒಂದು ಕಾರಣ. ಕಂಪನಿಯ ಮುಖ್ಯ ಕಚೇರಿ ನಿಮ್ಮ ಪಕ್ಕದ ಡಲ್ಲಾಸ್‌ನಲ್ಲೇ ಅಲ್ವಾ. ಮನೆ ಕಂಪ್ಯೂಟರಿನ ವಿಭಾಗ ಇದ್ದದ್ದು ಪಶ್ಚಿಮಕ್ಕಿರುವ ಲಬಕ್ ಊರಿನಲ್ಲಿ.

ಇದಕ್ಕೆ ದಾರಿ ಏನು? ಫೈನಲ್‌ಗ್ರಾಮ್ 99 ಅಂತ ಹವ್ಯಾಸಿಗಳು ಮಾಡಿದ ಹೊಸ ಕಾರ್ಟ್ರಿಜ್ ಸಿಗುತ್ತದೆ. ಎಸ್‌ಡಿ ಕಾರ್ಡಿನಲ್ಲಿ ಆಟದ ಫೈಲುಗಳನ್ನು ಇಟ್ಟುಕೊಂಡರೆ ಗ್ರಾಮ್ ಇದ್ದ ಹಾಗೇ ನಟಿಸಿ ಆಡಿಸುತ್ತದೆ. ವಿ2.2 ಯಂತ್ರದಲ್ಲೂ ನಡೆಯುತ್ತದೆ. ಆದರೆ ಬರೀ ಪ್ಯಾಕ್-ಮ್ಯಾನ್‌ಗೋಸ್ಕರ ತರಿಸಬೇಡಿ. ಪ್ಯಾಕ್-ಮ್ಯಾನ್ ಎಲ್ಲೆಲ್ಲೂ ಇದೆ, ನಿಮ್ಮ ಫೋನಿನಲ್ಲೂ ಇದೆ.

ನಿಮ್ಮ ದೊಡ್ಡ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಂದಲೇ ಶುರು. ಆ ಕಾಲದ ಕಾರ್ಟ್ರಿಜ್‌ಗಳಲ್ಲಿ ಅರ್ಧಕ್ಕರ್ಧ ಆರ್ಕೇಡ್ ಆಟಗಳ ನಕಲು. ಆಗ ಅವಕ್ಕೆ ಬೆಲೆ ಇತ್ತು, ಯಾಕೆಂದರೆ ಅಸಲಿ ಆಡಬೇಕಾದರೆ ಮನೆಯಿಂದ ಹೊರಗೆ ಹೋಗಿ ನಾಣ್ಯ ಹಾಕಬೇಕಿತ್ತು. ಈಗ ಅಸಲಿಯೇ ಮನೆಯಲ್ಲಿ ಸಿಗುತ್ತದೆ. ನಕಲಿಗೆ ಏನು ಕೆಲಸ? ಟಿಐ ಇನ್ವೇಡರ್ಸ್ ಆಡಿ ನೋಡಿ. ಚೆನ್ನಾಗಿ ಮಾಡಿದ ಆಟ, ಬಣ್ಣ ಚೆನ್ನ, ಸದ್ದು ಚೆನ್ನ. ಶುರುವಿನಲ್ಲೇ, ಬರುವ ಶತ್ರು ಸುಮ್ನೆ ಜಗಳಗಂಟನಾಗಿರಲಾ ಇಲ್ಲಾ ಪಕ್ಕಾ ಕೆಟ್ಟವನಾಗಿರಲಾ ಅಂತ ಕೇಳುತ್ತದೆ. ನಗು ಬರುತ್ತದೆ. ಆದರೆ ಎರಡನೇ ದಿನ ಅದನ್ನು ಹಾಕಬೇಕು ಅನ್ನಿಸುವುದಿಲ್ಲ. ಕಾರ್ ವಾರ್ಸ್ ಕೂಡ ಹಾಗೇ. ಉಳಿದುಕೊಂಡಿರುವುದು ಬೇರೆಲ್ಲೂ ಇಲ್ಲದ ಆಟಗಳು. ನಿಮ್ಮ ಡಬ್ಬಿಯಲ್ಲಿ ಅಂಥವು ಮೂರ್ನಾಲ್ಕು ಸಿಕ್ಕರೂ ನೀವು ಪುಣ್ಯವಂತರು.

ಮೊದಲು ಹಂಟ್ ದ ವಂಪಸ್ ಹುಡುಕಿ. ಇದರ ಮೂಲ 1970ರ ದಶಕದ ಶುರುವಿನ ಆಟ, ಗ್ರೆಗರಿ ಯಾಬ್ ಬರೆದದ್ದು. ಅದರಲ್ಲಿ ಬರೀ ಅಕ್ಷರ, ಚಿತ್ರ ಇರಲಿಲ್ಲ. ಟಿಐನವರು 1980ರಲ್ಲಿ ಅದಕ್ಕೆ ಚಿತ್ರ ಕೊಟ್ಟರು. ಗುಹೆಗಳು, ಅವುಗಳ ನಡುವೆ ಡೊಂಕು ಸುರಂಗಗಳು. ನೀವು ಹೋದ ಗುಹೆ ಮಾತ್ರ ನಕ್ಷೆಯಲ್ಲಿ ಕಾಣುತ್ತದೆ, ಉಳಿದದ್ದೆಲ್ಲ ಕತ್ತಲು. ಎಲ್ಲೋ ಒಂದು ಕಡೆ ವಂಪಸ್ ಅನ್ನುವ ಮೃಗ ಕೂತಿದೆ. ಗುಹೆಯಲ್ಲಿ ಕೆಂಪು ಕಲೆ ಕಂಡರೆ ಅದು ಎರಡು ಗುಹೆಯ ಒಳಗೆ ಎಲ್ಲೋ ಇದೆ ಅಂತ. ಹಸಿರು ಕಂಡರೆ ಪಕ್ಕದಲ್ಲೇ ಲೋಳೆ ಗುಂಡಿ. ಬಾವಲಿ ಸಿಕ್ಕರೆ ಎತ್ತಿಕೊಂಡು ಹೋಗಿ ಬೇರೆಲ್ಲೋ ಎಸೆಯುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ ಬಾಣ. ತಪ್ಪಿದರೆ ಮುಗೀತು.

ಇದನ್ನು ಮಗಳ ಜೊತೆ ಕೂತು ಆಡಿ. ಬಲಗಡೆ ಅಂಚಿನಿಂದ ಹೊರಗೆ ಹೋದರೆ ಎಡಗಡೆಯಿಂದ ಒಳಗೆ ಬರುತ್ತೀರಿ, ಅದು ಮೊದಲು ತಲೆಗೆ ಹೋಗುವುದಿಲ್ಲ. ಕೆಂಪು ಕಲೆ ಇರುವ ಮೂರು ಗುಹೆ ಸಿಕ್ಕ ಮೇಲೆ, ಇದರಿಂದ ಎರಡು ಹೆಜ್ಜೆ, ಅದರಿಂದ ಎರಡು ಹೆಜ್ಜೆ ಅಂತ ಬೆರಳಿಟ್ಟು ಎಣಿಸಲು ಶುರು ಮಾಡುತ್ತೀರಿ. ಹಾಗಾದರೆ ಅದು ಇಲ್ಲೇ ಇರಬೇಕು, ಅಲ್ಲಿ ಇರಲು ಸಾಧ್ಯವಿಲ್ಲ ಅಂತ ಇಬ್ಬರೂ ವಾದಕ್ಕೆ ಬೀಳುತ್ತೀರಿ. ಕೈಚಳಕ ಬೇಕಿಲ್ಲ, ಅವಸರ ಇಲ್ಲ, ಜಾಯ್‌ಸ್ಟಿಕ್ ಕೆಟ್ಟದಾಗಿದ್ದರೂ ನಡೆಯುತ್ತದೆ. ಸುಲಭ ಅನ್ನಿಸಿದ ಮೇಲೆ ಕಣ್ಣು ಕಟ್ಟಿದ ಹಾಗೆ ಆಡುವ ಬಗೆಯೂ ಇದೆ. ಅದರಲ್ಲಿ ನಕ್ಷೆ ಇರುವುದಿಲ್ಲ, ಕಾಗದ ಪೆನ್ಸಿಲ್ ಹಿಡಿದು ಕೂರಬೇಕು. ಇಡೀ ಡಬ್ಬಿಯಲ್ಲಿ ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಎರಡನೆಯದು ಮಂಚ್ ಮ್ಯಾನ್, 1982ರದು. ನೋಡಿದ ಕೂಡಲೇ ಪ್ಯಾಕ್-ಮ್ಯಾನ್ ನಕಲು ಅನ್ನುತ್ತೀರಿ. ಶುರುವಿನಲ್ಲಿ ಅದು ಹಾಗೇ ಇತ್ತು, ಚುಕ್ಕೆ ತಿನ್ನುವುದೇ ಆಟ. ಅದೇ ಹೊತ್ತಿಗೆ ಪ್ಯಾಕ್-ಮ್ಯಾನ್ ತರದ ಇನ್ನೊಂದು ಆಟದ ಮೇಲೆ ಅಟಾರಿ ಕೋರ್ಟಿಗೆ ಹೋಯಿತು. ಟಿಐಗೂ ದಿಗಿಲಾಯಿತು. ಚುಕ್ಕೆ ತೆಗೆದು ಆಟವನ್ನೇ ತಿರುಗಿಸಿದರು. ಇಲ್ಲಿ ನೀವು ತಿನ್ನುವುದಿಲ್ಲ, ಹೋದ ದಾರಿಯಲ್ಲೆಲ್ಲ ಸರಪಳಿ ಹಾಸುತ್ತಾ ಹೋಗುತ್ತೀರಿ. ಇಡೀ ಜಾಲದಲ್ಲಿ ಸರಪಳಿ ತುಂಬಿದರೆ ಮುಂದಿನ ಹಂತ. ಬೆನ್ನಟ್ಟುವವರ ಹೆಸರು ಹೂನೋ. ಅವರನ್ನು ತಿರುಗಿ ಹಿಡಿಯುವ ಶಕ್ತಿ ಕೊಡುವ ನಾಲ್ಕು ಗುರುತುಗಳು ಟಿಐ ಕಂಪನಿಯದ್ದೇ ಲಾಂಛನ, ಟೆಕ್ಸಸ್ ನಕ್ಷೆಯ ಆಕಾರದ್ದು. ನಾಚಿಕೆಯೇ ಇಲ್ಲ ನೋಡಿ.

ಕೋರ್ಟಿನ ಭಯದಿಂದ ಮಾಡಿದ ಬದಲಾವಣೆ ಆಟಕ್ಕೆ ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಪ್ಯಾಕ್-ಮ್ಯಾನ್‌ನಲ್ಲಿ ಜಾಲ ಖಾಲಿಯಾಗುತ್ತಾ ಹೋಗುತ್ತದೆ, ಇಲ್ಲಿ ತುಂಬುತ್ತಾ ಹೋಗುತ್ತದೆ. ಕೊನೆಗೆ ಎಲ್ಲೋ ಮೂಲೆಯಲ್ಲಿ ಒಂದೇ ಒಂದು ಕೊಂಡಿ ಬಿಟ್ಟುಹೋಗಿರುತ್ತದೆ, ಸರಪಳಿಗಳ ನಡುವೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಹೂನೋಗಳು ಬೆನ್ನ ಹಿಂದೆ. ಆ ಒದ್ದಾಟ ಪ್ಯಾಕ್-ಮ್ಯಾನ್‌ನಲ್ಲಿ ಸಿಗುವುದಿಲ್ಲ. ಒಂದು ಗುಟ್ಟು ಹೇಳುತ್ತೇನೆ. ಆಟದ ಹೆಸರಿನ ಪರದೆ ಬಂದಾಗ ಶಿಫ್ಟ್ ಹಿಡಿದು 8, 3, 8 ಒತ್ತಿ. ಆಟ ಬರೆದವರು ಪರೀಕ್ಷೆಗೆ ಇಟ್ಟುಕೊಂಡಿದ್ದ ಹಿಂಬಾಗಿಲು ತೆರೆಯುತ್ತದೆ. ಯಾವ ಹಂತ, ಎಷ್ಟು ಜೀವ ಅಂತ ನೀವೇ ಆರಿಸಿಕೊಳ್ಳಬಹುದು.

ಇದನ್ನು ಬರೆದ ಜಿಮ್ ಡ್ರಾಮಿಸ್ ಅವರೇ ಪಾಲ್ ಅರ್ಬನಸ್ ಜೊತೆ ಸೇರಿ ಪಾರ್ಸೆಕ್ ಬರೆದದ್ದು. ಅದೂ 1982. ಪಾರ್ಸೆಕ್‌ನಲ್ಲಿ ಬರುವ ಶತ್ರು ಹಡಗುಗಳಲ್ಲಿ ಒಂದರ ಹೆಸರು ಡ್ರಾಮೈಟ್, ಇನ್ನೊಂದರದು ಅರ್ಬೈಟ್. ಬರೆದವರು ತಮ್ಮನ್ನೇ ಗುಂಡಿಗೆ ಒಡ್ಡಿಕೊಂಡಿದ್ದಾರೆ. ನಿಮ್ಮ ಮಗಳು ಐದು ನಿಮಿಷಕ್ಕೆ ಎದ್ದದ್ದು ಅವಳ ತಪ್ಪಲ್ಲ, ಆಟದ ತಪ್ಪೂ ಅಲ್ಲ. ಈ ಆಟವನ್ನು ಕೈಪಿಡಿ ಓದದೆ ಆಡಲು ಬರುವುದಿಲ್ಲ. ಈಗಿನ ಆಟಗಳು ಕೈಹಿಡಿದು ಕಲಿಸುತ್ತವೆ. ಆಗ ಕಾರ್ಟ್ರಿಜ್‌ನ ಅಷ್ಟು ಸಣ್ಣ ಜಾಗದಲ್ಲಿ ಪಾಠಕ್ಕೆ ಎಡೆ ಎಲ್ಲಿತ್ತು? ಪಾಠವೆಲ್ಲ ಕಾಗದದಲ್ಲಿ ಇರುತ್ತಿತ್ತು.

ಅವಳಿಗೆ ಎರಡು ವಿಷಯ ಹೇಳಿ. ಒಂದು, ಫೈರ್ ಬಟನ್ ಒತ್ತಿಯೇ ಹಿಡಿಯಬಾರದು. ಲೇಸರ್ ಕಾಯುತ್ತದೆ, ಬಿಡದೆ ಹೊಡೆದರೆ ನಿಮ್ಮ ಹಡಗೇ ಸಿಡಿಯುತ್ತದೆ. ಅಳತೆ ಇಟ್ಟು ಹೊಡೆಯಬೇಕು. ಎರಡು, ಕೀಬೋರ್ಡಿನ 1, 2, 3 ಒತ್ತಿದರೆ ಹಡಗು ಮೇಲೆ ಕೆಳಗೆ ಸರಿಯುವ ವೇಗ ಬದಲಾಗುತ್ತದೆ. ಇಂಧನ ತುಂಬಿಸಲು ಇಕ್ಕಟ್ಟಾದ ಸುರಂಗದೊಳಗೆ ನುಗ್ಗಬೇಕು, ಅಲ್ಲಿ 1 ಇರಬೇಕು. ಬಯಲಿನಲ್ಲಿ ಹಡಗುಗಳು ಮೇಲೆ ಬಿದ್ದಾಗ 3 ಬೇಕು. ಜಾಯ್‌ಸ್ಟಿಕ್ ಒಬ್ಬರು ಹಿಡಿದು, ಈ ಮೂರು ಕೀ ಇನ್ನೊಬ್ಬರು ನೋಡಿಕೊಂಡರೆ ಇದು ಇಬ್ಬರ ಆಟ ಆಗುತ್ತದೆ. ಹಾಗೆ ಆಡಿ ನೋಡಿ.

ಮತ್ತೆ, ಆ ಮಾತಾಡೋ ಪೆಟ್ಟಿಗೆಯನ್ನು ಬಲಪಕ್ಕಕ್ಕೆ ಸಿಕ್ಕಿಸಿಯೇ ಪಾರ್ಸೆಕ್ ಆಡಬೇಕು. ಶತ್ರು ಬರುವ ಮುಂಚೆ ಹೆಂಗಸಿನ ದನಿಯೊಂದು ಎಚ್ಚರಿಸುತ್ತದೆ, ಚೆನ್ನಾಗಿ ಹೊಡೆದರೆ ಹೊಗಳುತ್ತದೆ. ಟಿಐ 1978ರಲ್ಲಿ ಮಕ್ಕಳಿಗೆ ಸ್ಪೆಲಿಂಗ್ ಕಲಿಸುವ ಸ್ಪೀಕ್ ಅಂಡ್ ಸ್ಪೆಲ್ ಅನ್ನುವ ಆಟಿಕೆ ಮಾಡಿತ್ತು. ಈ ಪೆಟ್ಟಿಗೆಯ ಚಿಪ್ ಅದೇ ವಂಶದ್ದು. ಮನುಷ್ಯರ ದನಿಯನ್ನು ಹಾಗೇ ಮುದ್ರಿಸಿ ಇಡುವುದಲ್ಲ, ಗಂಟಲು ಬಾಯಿ ಹೇಗೆ ದನಿಯನ್ನು ತಿದ್ದುತ್ತವೆ ಅನ್ನುವುದನ್ನು ಅಂಕಿಗಳಲ್ಲಿ ಇಟ್ಟುಕೊಂಡು, ಆಡುವ ಹೊತ್ತಿನಲ್ಲಿ ದನಿಯನ್ನು ಹೊಸದಾಗಿ ಕಟ್ಟುವುದು. ಪೆಟ್ಟಿಗೆಯೊಳಗೆ ಇರುವ ಶಬ್ದಗಳೆಲ್ಲ ಗಂಡು ದನಿಯಲ್ಲಿವೆ. ಪಾರ್ಸೆಕ್‌ನ ದನಿ ಅದರದ್ದಲ್ಲ, ಆ ಅಂಕಿಗಳು ಕಾರ್ಟ್ರಿಜ್‌ನೊಳಗೇ ಇವೆ. ಅಷ್ಟು ಸಣ್ಣ ಜಾಗದಲ್ಲಿ ಮಾತನ್ನೂ ತುರುಕಿದ್ದಾರಲ್ಲ, ಅದು ದೊಡ್ಡದು. ಆಲ್ಪೈನರ್ ಇದ್ದರೆ ಅದಕ್ಕೂ ಪೆಟ್ಟಿಗೆ ಬೇಕು. ಎವರೆಸ್ಟ್‌ವರೆಗೆ ಒಂದೊಂದೇ ಪರ್ವತ ಹತ್ತುವ ಆಟ. ಮಾತು ಇಲ್ಲದೆ ಆಡಿದರೆ ಸಪ್ಪೆ.

ಟೂಂಬ್‌ಸ್ಟೋನ್ ಸಿಟಿ ನಿಮ್ಮ ಡಬ್ಬಿಯಲ್ಲಿ ಇದೆಯಾ? ಹೆಸರೇ ವಿಚಿತ್ರ, ಆಟ ಇನ್ನೂ ವಿಚಿತ್ರ. ಮರುಭೂಮಿಯ ಪಾಳು ಊರು, ಉರುಳುವ ಮುಳ್ಳುಕಂಟಿ, ನಿಮ್ಮದು ಹಳೇ ಕಾಲದ ಗಾಡಿ, ಮೇಲೆ ಬೀಳುವುದು ಮಾರ್ಗ್ ಅನ್ನುವ ಹಸಿರು ಪ್ರಾಣಿ. ಮಾರ್ಗ್‌ಗೆ ಗುಂಡು ಹೊಡೆದರೆ ಅದು ಸತ್ತ ಜಾಗದಲ್ಲಿ ಕಳ್ಳಿ ಗಿಡ ಏಳುತ್ತದೆ. ಎರಡು ಕಳ್ಳಿ ಅಕ್ಕಪಕ್ಕ ಆದರೆ ಅಲ್ಲಿಂದ ಹೊಸ ಮಾರ್ಗ್ ಹುಟ್ಟುತ್ತದೆ. ಅಂದರೆ ಕಂಡಲ್ಲಿ ಹೊಡೆದರೆ ನಿಮಗೇ ತೊಂದರೆ, ಎಲ್ಲಿ ಹೊಡೆಯಬೇಕು ಅಂತ ಯೋಚಿಸಬೇಕು. ಹೊಡೆಯುವ ಆಟದಲ್ಲಿ ಹೊಡೆಯುವುದಕ್ಕೆ ಹಿಂಜರಿಯುವ ಹಾಗೆ ಮಾಡಿದ್ದಾರೆ. 1981ರಲ್ಲಿ ಇದು ಸಣ್ಣ ಯೋಚನೆ ಅಲ್ಲ. ಇದರ ಮೂಲ ಪ್ರೋಗ್ರಾಮನ್ನು ಟಿಐ ತನ್ನ ಅಸೆಂಬ್ಲರ್ ಪ್ಯಾಕೇಜಿನ ಡಿಸ್ಕಿನಲ್ಲಿ ಪೂರ್ತಿ ಕೊಟ್ಟಿತ್ತು. ಬೇರೆಯವರಿಗೆ ಬಾಗಿಲು ಹಾಕಿದ ಕಂಪನಿಯೇ ಇದನ್ನೂ ಮಾಡಿದ್ದು. ಯಂತ್ರದ ಭಾಷೆ ಕಲಿಯುವ ಆಸೆ ನಿಮಗಿದ್ದರೆ ಇದಕ್ಕಿಂತ ಒಳ್ಳೆಯ ಪಠ್ಯ ಇಲ್ಲ.

ಟನೆಲ್ಸ್ ಆಫ್ ಡೂಮ್ ಕ್ಯಾಸೆಟ್ ಕೇಳುವುದು ಸರಿಯೇ, ಅದು ಕೆಟ್ಟಿಲ್ಲ. ಆ ಕಾರ್ಟ್ರಿಜ್‌ನಲ್ಲಿ ಆಟದ ಎಂಜಿನ್ ಮಾತ್ರ ಇದೆ. ಕಥೆ, ರಾಕ್ಷಸರು, ಆಯುಧಗಳು ಎಲ್ಲ ಕ್ಯಾಸೆಟ್ ಅಥವಾ ಡಿಸ್ಕಿನಿಂದ ಬರಬೇಕು. ಜೊತೆಗೆ ಬರುತ್ತಿದ್ದ ಎರಡು ಕಥೆಗಳಲ್ಲಿ ಒಂದು ಚಿಕ್ಕ ಮಕ್ಕಳಿಗೆ, ಇನ್ನೊಂದರಲ್ಲಿ ಕಳೆದುಹೋದ ರಾಜನನ್ನು ಹುಡುಕಬೇಕು. ನಾಲ್ಕು ಜನರವರೆಗಿನ ತಂಡ ಕಟ್ಟಿಕೊಂಡು ನೆಲಮಾಳಿಗೆ ಇಳಿಯುತ್ತೀರಿ. ಓಣಿಗಳು ನಾವೇ ಒಳಗೆ ನಡೆಯುತ್ತಿರುವ ಹಾಗೆ ಕಾಣುತ್ತವೆ. ಕ್ಯಾಸೆಟ್ ಹಾಳಾಗಿದ್ದರೂ ಚಿಂತೆ ಇಲ್ಲ. ಅದರ ಆಡಿಯೋ ಫೈಲನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕ್‌ನಿಂದ ಕ್ಯಾಸೆಟ್ ಕೇಬಲ್‌ಗೆ ಕೊಟ್ಟರೆ ಕಂಪ್ಯೂಟರ್ ಓದಿಕೊಳ್ಳುತ್ತದೆ. ವಾಲ್ಯೂಮ್ ಜಾಸ್ತಿಯೇ ಬೇಕು. ಲೋಡ್ ಆಗಲು ನಿಮಿಷಗಟ್ಟಲೆ ಹಿಡಿಯುತ್ತದೆ. ಇದೂ ಇಟ್ಟುಕೊಳ್ಳುವಂಥ ಆಟ, ಆದರೆ ಒಂದು ಭಾನುವಾರ ಪೂರ್ತಿ ಕೈಯಲ್ಲಿರಬೇಕು.

ಆಡುವಾಗ ಒಂದು ಎಚ್ಚರ. ಫಂಕ್ಷನ್ ಕೀ ಜೊತೆ ‘=’ ಒತ್ತಿದರೆ ಕಂಪ್ಯೂಟರ್ ಒಂದು ಮಾತೂ ಕೇಳದೆ ಮೊದಲ ಪರದೆಗೆ ಹೋಗುತ್ತದೆ. ಅದೇ ಕೀಗೆ ಶಿಫ್ಟ್ ಒತ್ತಿದರೆ ‘+’. ಬೆರಳು ತಪ್ಪಿದರೆ ಬರೆದ ಬೇಸಿಕ್ ಪ್ರೋಗ್ರಾಂ ಎಲ್ಲ ಹೋಯಿತು. ಇದನ್ನು ಇಲ್ಲಿಟ್ಟವರಿಗೆ ಏನು ಹೇಳೋಣ.

ಎಮ್ಯುಲೇಟರ್ ಸಾಲದಾ ಅಂತ ಕೇಳಿದ್ದೀರಿ. ಶುರು ಮಾಡಲು ಸಾಕು. ವಿಂಡೋಸ್‌ಗೆ ಕ್ಲಾಸಿಕ್99 ಇದೆ. ಜೆಎಸ್99ಇಆರ್ ಅನ್ನುವುದು ಬ್ರೌಸರಿನಲ್ಲೇ ಓಡುತ್ತದೆ. ಎರಡರಲ್ಲೂ ಮಾತು ಬರುತ್ತದೆ. ನಿಮ್ಮ ಡಬ್ಬಿಯಲ್ಲಿ ಇಲ್ಲದ ಆಟಗಳನ್ನು ಅಲ್ಲಿ ನೋಡಿ, ಹಿಡಿಸಿದ್ದರ ಕಾರ್ಟ್ರಿಜ್ ಕೊಳ್ಳಿ. ವಂಪಸ್ ಎಲ್ಲಿ ಆಡಿದರೂ ಒಂದೇ. ಪಾರ್ಸೆಕ್, ಮಂಚ್ ಮ್ಯಾನ್ ಮಾತ್ರ ಅಸಲಿ ಯಂತ್ರದಲ್ಲಿ, ಸಾಧ್ಯವಾದರೆ ಹಳೇ ಟ್ಯೂಬ್ ಟಿವಿಯಲ್ಲಿ ಆಡಿದರೆ ಬೇರೆಯೇ. ಈ ಯಂತ್ರದ ವಿಡಿಯೋ ಚಿಪ್ ಪರದೆಯ ಒಂದು ಗೆರೆಯಲ್ಲಿ ನಾಲ್ಕು ಸ್ಪ್ರೈಟ್, ಅಂದರೆ ಓಡಾಡುವ ಸಣ್ಣ ಚಿತ್ರಗಳನ್ನು, ಮಾತ್ರ ತೋರಿಸಬಲ್ಲದು. ಐದನೆಯದು ಬಂದರೆ ಮಾಯ. ಅದಕ್ಕೆ ಆಟ ಬರೆಯುವವರು ಸ್ಪ್ರೈಟ್‌ಗಳನ್ನು ಸರದಿಯಲ್ಲಿ ಮಿನುಗಿಸುತ್ತಿದ್ದರು. ಟ್ಯೂಬ್ ಟಿವಿಯ ಹೊಳಪಿನಲ್ಲಿ ಅದು ಅಷ್ಟು ಗೊತ್ತಾಗುತ್ತಿರಲಿಲ್ಲ. ಈಗಿನ ಚಪ್ಪಟೆ ಟಿವಿಗಳಲ್ಲಿ ಕೆಲವು ಈ ಹಳೇ ಸಿಗ್ನಲನ್ನು ತಪ್ಪಾಗಿ ಓದಿ ಚಿತ್ರವನ್ನು ಕಲಸುತ್ತವೆ. ಕೋಲೆಕೋವಿಷನ್ ಅನ್ನುವ ಆಟದ ಯಂತ್ರದಲ್ಲೂ, ಜಪಾನಿನ ಮೊದಲ ಎಂಎಸ್‌ಎಕ್ಸ್ ಕಂಪ್ಯೂಟರುಗಳಲ್ಲೂ ಇದೇ ವಂಶದ ಚಿಪ್. ಅವುಗಳಲ್ಲೂ ಇದೇ ಮಿನುಗು ಕಾಣುತ್ತೀರಿ.

ಟಿವಿ ಕೇಬಲ್ ಬಗ್ಗೆ ಒಂದು ಮಾತು. ಅಮೆರಿಕದ ಯಂತ್ರದ ಹಿಂದಿರುವ ಐದು ಪಿನ್ನಿನ ಗುಂಡು ಸಾಕೆಟ್‌ನಲ್ಲಿ ಕಾಂಪೋಸಿಟ್ ವಿಡಿಯೋ, ಆಡಿಯೋ ಎರಡೂ ಸಿಗುತ್ತವೆ. ಆದರೆ ಅದರ ಒಂದು ಪಿನ್ನಿನಲ್ಲಿ 12 ವೋಲ್ಟ್ ಕರೆಂಟ್ ಇದೆ. ಅದು ಜೊತೆಗೆ ಬರುತ್ತಿದ್ದ ಟಿವಿ ಮಾಡ್ಯುಲೇಟರ್ ಡಬ್ಬಿಗೆ. ಬೇರೆ ಯಾವುದೋ ಯಂತ್ರದ ಐದು ಪಿನ್ನಿನ ಕೇಬಲ್ ಸಿಕ್ಕಿಸಿ ಆ 12 ವೋಲ್ಟನ್ನು ಟಿವಿಗೆ ಕಳಿಸಬೇಡಿ. 99/4ಎಗೆ ಅಂತಲೇ ಮಾಡಿದ ಕೇಬಲ್ ತೆಗೆದುಕೊಳ್ಳಿ.

ಮೈಸೂರಿಗೆ ತರಬಹುದಾ? ಖಂಡಿತ ತನ್ನಿ. ಇಲ್ಲಿ ಇದು ಅಪರೂಪ. ಟಿಐ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದದ್ದು 1985ರಲ್ಲಿ. ಉಪಗ್ರಹದ ಡಿಶ್ಶನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ ಆ ಕಾಲದ ಫೋಟೋ ನೀವೂ ನೋಡಿರಬಹುದು. ಅಷ್ಟು ಹೊತ್ತಿಗೆ ಈ ಕಂಪ್ಯೂಟರಿನ ತಯಾರಿ ನಿಂತು ವರ್ಷ ಆಗಿತ್ತು.

ತಂದರೆ ಮರೆಯಬಾರದ್ದು ಕರೆಂಟು. ಇದರ ಟ್ರಾನ್ಸ್‌ಫಾರ್ಮರ್ 120 ವೋಲ್ಟ್, 60 ಹರ್ಟ್ಸ್‌ನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅಮೆರಿಕದ ಮಿಕ್ಸಿಗೆ ಬೇಕು ಅಂದರೆ ಕೊಡುತ್ತಾರೆ, ಅದೇ ಸಾಕು. ನಮ್ಮದು 50 ಹರ್ಟ್ಸ್ ಆದ್ದರಿಂದ ಹಳೇ ಟ್ರಾನ್ಸ್‌ಫಾರ್ಮರ್ ಅಲ್ಲಿಗಿಂತ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಗಾಳಿ ಆಡುವ ಕಡೆ ಇಡಿ, ಆಡಿದ ಮೇಲೆ ಪ್ಲಗ್ ಕಿತ್ತಿಡಿ. ಅಂದ ಹಾಗೆ, 1983ರ ಶುರುವಿನಲ್ಲಿ ಈ ಟ್ರಾನ್ಸ್‌ಫಾರ್ಮರಿನಿಂದ ಶಾಕ್ ಹೊಡೆಯಬಹುದು ಅಂತ ಟಿಐ ಸ್ವಲ್ಪ ದಿನ ಮಾರಾಟವನ್ನೇ ನಿಲ್ಲಿಸಿ, ಕೊಂಡವರಿಗೆ ರಕ್ಷಣೆಯ ಅಡಾಪ್ಟರ್ ಹಂಚಿತ್ತು. ನಿಮ್ಮದರ ವೈರು ಬಿರುಕು ಬಿಟ್ಟಿದೆಯಾ, ಪೆಟ್ಟಿಗೆ ಒಡೆದಿದೆಯಾ ಅಂತ ಈಗಲೇ ನೋಡಿ. ಅನುಮಾನ ಬಂದರೆ ಬದಲಿ ಟ್ರಾನ್ಸ್‌ಫಾರ್ಮರ್ ಅಲ್ಲೇ ಕೊಳ್ಳಿ. ಇಲ್ಲಿಗೆ ಬಂದ ಮೇಲೆ ಹುಡುಕಿದರೆ ಸಿಗುವುದು ಕಷ್ಟ, ತರಿಸಿದರೆ ಸಾಗಣೆ ಖರ್ಚೇ ಜಾಸ್ತಿ ಆಗುತ್ತದೆ.